ಇವರ ಹೊಟ್ಟೆಯ ಮೇಲಿನ ಚೀಲ

ನಮ್ಮ ಮನೆಯವರು ಕ್ಷೌರಿಕರು. ಅವರ ಕೈಗೆ ಊರಲ್ಲೆಲ್ಲ ಹೆಸರು. ಬಾಯಿಗೂ ಇದೆ, ಆ ಮಾತು ಬೇರೆ.

ರೇಡಿಯೇಷನ್ನಿಗೆ ಹೆದರಿ ಓಡಿದ್ದ ನನ್ನ ಗರ್ಭಕೋಶದ ಕ್ಯಾನ್ಸರ್ ಮತ್ತೆ ಅಲ್ಲೇ ಬಂದು ಕೂತಿತ್ತು. ಡಾಕ್ಟರಮ್ಮನ ಪ್ರಕಾರ ಉಳಿದದ್ದು ದೊಡ್ಡ ಆಪರೇಷನ್ ಒಂದೇ. ಗರ್ಭಕೋಶ, ಮೂತ್ರಕೋಶ, ಮಲದ ದಾರಿ ಎಲ್ಲ ತೆಗೆದುಬಿಡುವುದು. ಆಮೇಲೆ ಮಲಕ್ಕೊಂದು ಮೂತ್ರಕ್ಕೊಂದು ಎಂದು ಹೊಟ್ಟೆಯ ಎಡಕ್ಕೂ ಬಲಕ್ಕೂ ಅಂಟಿಸುವ ಚೀಲ, ಬದುಕಿರುವವರೆಗೂ.

"ಬಾಡಿಗೆಮನೆ ಖಾಲಿ ಮಾಡಿಸಿದ ಹಾಗಾಯ್ತಲ್ಲ ಡಾಕ್ಟ್ರೇ," ಎಂದು ಅಲ್ಲಿ ನಗಾಡಿದೆ. ಮನೆಗೆ ಬಂದು ಬೇಡವೇ ಬೇಡ ಎಂದೆ. ಸಾವಿಗೆ ಹೆದರಿದ್ದೆ, ಸುಳ್ಳೇಕೆ. ಆದರೆ ನಾಲ್ಕು ಜನರ ನಡುವೆ ಚೀಲ ಸೋರಿದರೆ, ಇವರು ಮೂಗು ಮುಚ್ಚಿಕೊಂಡು ಆಚೆ ತಿರುಗಿ ಮಲಗಿದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಅಭ್ಯಾಸಕ್ಕೆಂದು ನರ್ಸ್ ಕೊಟ್ಟಿದ್ದ ಚೀಲಗಳನ್ನು ಬೀರುವಿನೊಳಗೆ ತುರುಕಿದ್ದೆ. ಒಂದು ದಿನ ನೋಡಿದರೆ ಎರಡು ಕಾಣೆ. ಮಧ್ಯಾಹ್ನ ಇವರು ಅಂಗಡಿ ಬಿಟ್ಟು ಓಡಿಬಂದರು, ಪ್ಯಾಂಟಿನ ಮುಂಭಾಗವೆಲ್ಲ ಒದ್ದೆ.

"ಏನ್ರೀ ಇದು, ಈ ವಯಸ್ಸಲ್ಲಿ?"

"ನೀರು ಕಣೇ, ಬರೀ ನೀರು! ಬೆಳಗ್ಗೆಯಿಂದ ಎರಡೂ ತುಂಬಿಸಿ ಹಾಕ್ಕೊಂಡಿದ್ದೆ. ಯಾರಿಗೂ ಗೊತ್ತಾಗ್ಲಿಲ್ಲ. ಮೇಷ್ಟ್ರ ತಲೆ ಮೇಲೆ ಬಗ್ಗಿದೆ ನೋಡು, ಒಂದು ಕಿತ್ಕೊಂಡ್‌ಬಿಡ್ತು."

"ಅಯ್ಯೋ, ಮೇಷ್ಟ್ರು?"

"ಕಣ್ಣು ಮುಚ್ಕೊಂಡಿದ್ರು. ತಂಪಾಯ್ತಪ್ಪಾ ಅಂದ್ರು."

ಅಂಗಿ ಎತ್ತಿದರೆ ಹೊಟ್ಟೆ ತುಂಬ ಕೂದಲು. ಇನ್ನೊಂದು ಚೀಲ ಅದಕ್ಕೆ ಜೋತುಬಿದ್ದಿತ್ತು. ಎಳೆದೆ. ಬೀದಿಗೆ ಕೇಳುವಂತೆ ಕಿರುಚಿದರು.

"ಊರವರ ಗಡ್ಡ ಎಲ್ಲ ಬೋಳಿಸ್ತೀರಿ, ನಿಮ್ಮ ಕಾಡು ಕಾಣ್ಲಿಲ್ವಾ? ಕೂದಲ ಮೇಲೆ ಅಂಟು ನಿಲ್ಲತ್ತಾ?"

ನಗುತ್ತಾ ನಗುತ್ತಾ ಅಳುವೇ ಬಂತು. ಇವರನ್ನು ಮಲಗಿಸಿ, ಇವರದೇ ಕತ್ತಿಯಲ್ಲಿ ಹೊಟ್ಟೆ ಬೋಳಿಸಿ, ಒರೆಸಿ ಒಣಗಿಸಿ, ಹೊಸ ಚೀಲ ಅಂಟಿಸಿದೆ. ಅಂಟು ಹಿಡಿಯುವವರೆಗೆ ಅಂಗೈಯಿಂದ ಒತ್ತಿ ಹಿಡಿದೆ.

"ಬಗ್ಗಿ ನೋಡೋಣ."

ಬಗ್ಗಿದರು. ನಿಂತಿತು.

"ಯಾಕ್ರೀ ಇದೆಲ್ಲ?"

ಇವರು ಚೀಲದ ಮೇಲೆ ಕೈ ಇಟ್ಟುಕೊಂಡರು. "ನೀನು ಇರ್ಬೇಕು ಕಣೇ. ಚೀಲ ಇದ್ರೆ ಇರ್ಲಿ."

ಮಾರನೆಯ ದಿನ ಆಪರೇಷನ್ನಿಗೆ ಒಪ್ಪಿಕೊಂಡೆ.

ಆಪರೇಷನ್ ಆಗಿ ನಾನು ಎದ್ದು ಕೂರುವಂತಾದ ಮೇಲೆ ಚೀಲ ಬದಲಿಸುವುದನ್ನು ಕಲಿಸಲು ನರ್ಸ್ ಬಂದರು. "ಹೆದರ್ಬೇಡಿ, ಮೊದಲ ಸಲ ಎಲ್ಲರಿಗೂ ಕೈ ನಡುಗತ್ತೆ."

"ಇದು ಮೊದಲ ಸಲ ಅಲ್ಲ ಸಿಸ್ಟರ್," ಎಂದೆ.

ಮೂಲೆಯಲ್ಲಿ ನಿಂತಿದ್ದ ಇವರು ಮೆಲ್ಲಗೆ ಅಂಗಿ ಕೆಳಗೆ ಎಳೆದುಕೊಂಡರು.