ಮುಗಿಸಬಾರದ ಟ್ಯಾಂಗೊ

ಕಾರ್ನಿವಲ್ ಭಾನುವಾರದ ಮಧ್ಯಾಹ್ನ. ಬ್ಯೂನಸ್ ಐರಿಸ್‌ನ ಹೊಳೆಯಾಚೆಯ ಆ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿಲ್ಲ. ತೊಡೆಯ ಮೇಲೆ ಬಂಡೋನಿಯನ್ ವಾದ್ಯ ಇಟ್ಟುಕೊಂಡು ಅದರ ತಿದಿ ಎಳೆಯುತ್ತಿದ್ದ ಎವಾರಿಸ್ತೊ ತಲೆ ಎತ್ತಿದ. ವೇದಿಕೆಯ ಬುಡದಲ್ಲೇ ಗಲಾರ್ಸಾ ನಿಂತಿದ್ದ, ಕೈಯಲ್ಲಿ ಕಬ್ಬಿಣದ ಸರಳು, ಬೆನ್ನಿಗೆ ಪಟಾಲಂ. ಎಲ್ಲರೂ ಎವಾರಿಸ್ತೊನ ಹಳೇ ವಾದ್ಯಮೇಳದ ಅಭಿಮಾನಿಗಳು. ಅದನ್ನು ಬಿಟ್ಟು ಅವನು ಈ ಮೇಳಕ್ಕೆ ಬಂದಿದ್ದ, ಮಾಡಿದ್ದು ಅಷ್ಟೇ. ಅಭಿಮಾನವಂತೆ, ಬೆಂಕಿ ಬಿತ್ತು ಅದಕ್ಕೆ!

"ಲೋ ದ್ರೋಹಿ, ಇದೊಂದು ಮುಗೀಲಿ. ನಿನ್ನ ಬೆರಳು ಪುಡಿಪುಡಿ ಮಾಡ್ತೀನಿ," ಅಂದ ಗಲಾರ್ಸಾ.

ಮುಗೀಲಿ ಅಂದದ್ದು ಸುಮ್ಮನೆ ಅಲ್ಲ. ನುಡಿಸುತ್ತಿರುವವನ ಮೇಲೆ ಅಲ್ಲಿ ಯಾರೂ ಕೈಮಾಡುವುದಿಲ್ಲ. ಮಾಡಿದವನ ಮುಖಕ್ಕೆ ಅವನ ಕಡೆಯವರೇ ಉಗಿಯುತ್ತಾರೆ. ಟ್ಯಾಂಗೊ ಕುಣಿತದ ಸಂಗೀತ ಮುಗಿಯುವುದು ಚಾನ್-ಚಾನ್ ಎಂಬ ಎರಡು ಪೆಟ್ಟಿನಿಂದ. ಅದು ಬೀಳುವ ತನಕ ಬೆರಳಿಗೆ ಅಪಾಯವಿಲ್ಲ.

"ಮೇಷ್ಟ್ರೇ, ಮುಗಿಸಬೇಡಿ, ನಿಮ್ಮ ದಮ್ಮಯ್ಯ," ಎಂದು ಎವಾರಿಸ್ತೊ ಪಿಯಾನೋ ಕಡೆ ಪಿಸುಗುಟ್ಟಿದ.

ಮೇಳದ ಯಜಮಾನ ಡಾನ್ ಬರ್ತೊಲೊ ಬೆವರುತ್ತಲೇ ಬಾರಿಸುತ್ತಿದ್ದರು. "ಪೊಲೀಸ್‌ಗೆ ಹೇಳಿ ಕಳಿಸಿದೀನಿ ಕಣೋ. ಅವರು ಬರೋ ತನಕ ಎಳಿ. ನುಡಿಸ್ತಾ ನೀನು ಹೋದ ಕಡೆ ನಾವೆಲ್ಲ ಬರ್ತೀವಿ."

ಬಾಗಿಲಲ್ಲಿ ಎರಡೂ ಮೇಳಗಳ ಅಭಿಮಾನಿಗಳ ಬಡಿದಾಟ ಶುರುವಾಯಿತು. ಒಡೆದ ಬಾಟಲಿ ಒಬ್ಬನ ಕೆನ್ನೆ ಸೀಳಿತು. ಇನ್ನೊಬ್ಬ ಬಾಯಿತುಂಬ ರಕ್ತ ಉಗುಳಿ ಮತ್ತೆ ನುಗ್ಗಿದ. ಎವಾರಿಸ್ತೊ ಟ್ಯಾಂಗೊವನ್ನು ಮೊದಲಿನಿಂದ ಎತ್ತಿಕೊಂಡ. ಕೊನೆಗೆ ಬಂದು ಮತ್ತೆ ಹಿಂದಕ್ಕೆ ತಿರುಗಿಸಿದ. ಭಯಕ್ಕೋ ಏನೋ, ಬೆರಳುಗಳು ಎಂದೂ ಓಡದ ಹಾಗೆ ಓಡಿದವು. ಜೋಡಿಗಳು ಕುಣಿಯುವುದನ್ನು ಬಿಟ್ಟು ವೇದಿಕೆಗೆ ಮುತ್ತಿಕೊಂಡವು. ಬಡಿದಾಡುವವರು ಕೂಡ ಒಬ್ಬರ ಕಾಲರ್ ಒಬ್ಬರು ಹಿಡಿದುಕೊಂಡೇ ನಿಂತು ಕೇಳಿದರು.

"ಅಬ್ಬಾ, ಪಾಪಿ ನನ್ಮಗನೇ!" ಅಂದ ಗಲಾರ್ಸಾ. ಅವನ ಕಣ್ಣಲ್ಲಿ ನೀರು.

ಎವಾರಿಸ್ತೊಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಸರಳು ಮರೆತುಹೋಯಿತು, ಪೊಲೀಸರೂ ಮರೆತುಹೋದರು. ಇಷ್ಟು ಚೆನ್ನಾಗಿ ಬಂದದ್ದನ್ನು ಚೆನ್ನಾಗಿ ಮುಗಿಸಬೇಕು, ತಲೆಯಲ್ಲಿ ಇದ್ದದ್ದು ಅದೊಂದೇ.

"ಬೇಡ ಕಣೋ!" ಎಂದು ಡಾನ್ ಬರ್ತೊಲೊ ಕಿರುಚುವಷ್ಟರಲ್ಲಿ ಅವನು ಹೊಡೆದೇಬಿಟ್ಟಿದ್ದ. ಚಾನ್-ಚಾನ್.

ಹಾಲ್ ಹಾಲೇ ಕೂಗಿಕೊಂಡಿತು. ಗಲಾರ್ಸಾ ಸರಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಕಣ್ಣೊರೆಸಿಕೊಂಡ. ಆಮೇಲೆ ವೇದಿಕೆ ಹತ್ತಿ, ಎವಾರಿಸ್ತೊನ ಬಲಗೈಯನ್ನು ಪಿಯಾನೋದ ಅಂಚಿಗೆ ಒತ್ತಿ ಹಿಡಿದ.

"ಇದನ್ನ ನಮ್ಮ ಮೇಳದಲ್ಲಿ ನುಡಿಸೋಕೆ ನಿನಗೇನೋ ಬಂದಿತ್ತು ರೋಗ?" ಅಂದವನೇ ಸರಳು ಎತ್ತಿ ಬೀಸಿದ.