ತೊಳೆದ ಬಿಲ್ಲೆಗಳು

ನಮ್ಮವರು, ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಸಂಪತ್ ಕುಮಾರ್, ಎಪ್ಪತ್ತೆಂಟರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಕಸ ಹೊತ್ತು ತಂದರು. ಟ್ರಾನ್ಸಿಸ್ಟರ್ ಮಾಡುವ ಯಾವುದೋ ಕಾರ್ಖಾನೆ ಬೇಡವೆಂದು ಎಸೆದ ಸಿಲಿಕಾನ್ ಬಿಲ್ಲೆಗಳು, ಎರಡು ಪೆಟ್ಟಿಗೆ ತುಂಬ. ಮೇಲಿನ ಗೆರೆಗಳನ್ನು ಆಸಿಡ್ಡಿನಲ್ಲಿ ತೆಗೆದುಬಿಟ್ಟರೆ ಮಿಕ್ಕಿದ್ದನ್ನು ಅಲ್ಲಿನ ಗೆಳೆಯನೊಬ್ಬ ಮಾಡಿಕೊಡುತ್ತಾನಂತೆ, ಬಿಸಿಲಿಗಿಟ್ಟರೆ ಕರೆಂಟು ಬರುತ್ತದಂತೆ. ಬರಲಿ, ನನಗೇನು ಹೊಟ್ಟೆಯುರಿಯೇ?

ಹಿತ್ತಲಲ್ಲಿ ಕೆಲಸ ಶುರುವಾಯಿತು. ಒಂದೇ ಜೊತೆ ರಬ್ಬರ್ ಗ್ಲೌಸು ಇತ್ತು, ಅದನ್ನು ಇವರು ಹಾಕಿಕೊಂಡರು. ಆಸಿಡ್ಡಿನಿಂದ ಎತ್ತಿದ ಬಿಲ್ಲೆಗಳನ್ನು ಬಕೆಟ್ಟಿನಲ್ಲಿ ಜಾಲಿಸುವುದು ನಮ್ಮ ಮನೆ ಪಾತ್ರೆ ತೊಳೆಯುವ ಬೆಟ್ಟಮ್ಮನ ಪಾಲಿಗೆ ಬಂತು, ಬರಿಗೈಯಲ್ಲಿ.

"ಬರೀ ನೀರು ಬೆಟ್ಟಮ್ಮ, ಏನೂ ಆಗಲ್ಲ," ಅಂದರು.

ಅವಳು ತೊಳೆದ ಲೋಟವನ್ನು ನೀರು ಚಿಮುಕಿಸದೆ ಒಳಗೆ ತರದ ಮನೆ ನಮ್ಮದು. ಅವಳು ತೊಳೆದ ಬಿಲ್ಲೆಯನ್ನು ಮಾತ್ರ ಇವರು ನೇರವಾಗಿ ದೇವರ ಮನೆಗೆ ಒಯ್ದು ಪೆರುಮಾಳರ ಮುಂದಿಟ್ಟರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಎಂಟು ದಿನಕ್ಕೆ ಅವಳ ಬೆರಳ ತುದಿಗಳು ಬಿಳಿಚಿಕೊಂಡವು. ಆಮೇಲೆ ಕಪ್ಪಗಾಗಿ, ಉಗುರಿನಡಿ ಕೀವು ತುಂಬಿ ನಾತ ಹೊಡೆಯಿತು. ನಾನು ಮೂಗು ಮುಚ್ಚಿಕೊಂಡು ಒಂದಿಷ್ಟು ಅರಿಶಿನ ಕೊಟ್ಟೆ. ನಾನು ಮಾಡಿದ್ದು ಅಷ್ಟೇ. ಮಂಡ್ಯದ ಆಸ್ಪತ್ರೆಯಲ್ಲಿ ಅವಳ ಬಲಗೈಯ ಎರಡು ಬೆರಳು ಕತ್ತರಿಸಿದರು.

"ತಿಪ್ಪೆಗೊಬ್ಬರದ ನಂಜಿರಬೇಕು ಆಂಡಾಳ್," ಅಂದರು ಇವರು ನನಗೆ, ಇಡ್ಲಿ ಮುರಿಯುತ್ತಾ. ಥೂ.

ದಸರಾ ರಜೆಯಲ್ಲಿ ಬಿಸಿಲಿನ ಹಲಗೆ ತಯಾರಾಗಿ ಬಂತು. ನೋಡುವುದಕ್ಕೆ ಮಂಡ್ಯದಿಂದ ದೊಡ್ಡ ಸಾಹೇಬರೊಬ್ಬರು ಬಂದರು. ಹಿತ್ತಲ ಬಿಸಿಲಿಗಿಟ್ಟು ತಂತಿ ಸಿಕ್ಕಿಸಿದರೆ ರೇಡಿಯೋ ಹಾಡಿತು. ಸಾಹೇಬರು ಕಾಫಿ ಕುಡಿಯುತ್ತಾ, "ಹೀಗೇ ಇನ್ನೊಂದು ಹತ್ತು ಹಲಗೆ ಆಗತ್ತೇನ್ರೀ?" ಎಂದರು.

"ಧಾರಾಳವಾಗಿ," ಅಂದ ಇವರು, ಬಾವಿಕಟ್ಟೆಯ ಹತ್ತಿರ ಎಡಗೈಯಲ್ಲೇ ಪಾತ್ರೆ ಉಜ್ಜುತ್ತಿದ್ದ ಬೆಟ್ಟಮ್ಮನ ಕಡೆ ತಿರುಗಿದರು. "ನಾಳೆಯಿಂದ ನಿನ್ನ ಮಗಳನ್ನ ಕಳಿಸು. ಬಿಲ್ಲೆ ಜಾಲಿಸೋದು, ಅಷ್ಟೇ."

ಬೆಟ್ಟಮ್ಮ ತಲೆಯೆತ್ತಿದಳು. "ನನ್ ಮಗ್ಳು ಯಾಕ್ ಮೇಷ್ಟ್ರೇ? ಬರೀ ನೀರಲ್ವಾ? ಅಮ್ಮಾವ್ರೇ ಜಾಲಿಸ್ಲಿ ಬುಡಿ."

ಇವರಿಗೆ ಯೋಚಿಸುವಷ್ಟೂ ಪುರುಸೊತ್ತಾಗಲಿಲ್ಲ. "ಏನು ಮಾತೂಂತ ಆಡ್ತೀಯ? ಆಂಡಾಳ್ ಕೈ ಸುಟ್ಟುಹೋಗಲ್ವಾ?"

ಸಾಹೇಬರು ರೇಡಿಯೋ ಸದ್ದು ಜಾಸ್ತಿ ಮಾಡಿದರು.

ಬೆಟ್ಟಮ್ಮ ಉಜ್ಜುತ್ತಿದ್ದ ಪಾತ್ರೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅವಳೂ ಮತ್ತೆ ಬರಲಿಲ್ಲ, ಮಗಳನ್ನೂ ಕಳಿಸಲಿಲ್ಲ. ನಾನು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತೆ. ಹತ್ತು ಬೆರಳೂ ನೆಟ್ಟಗಿದ್ದವು. ಅದಕ್ಕೇ ಹೇಸಿಗೆಯಾಯಿತು.