ಹನ್ನೆರಡು ವಾಲ್ವ್, ಹನ್ನೆರಡು ಕೆಂಪು ಚುಕ್ಕೆ

ಡಿಪೋದ ಸಮಸ್ತ ಸಿಬ್ಬಂದಿವರ್ಗಕ್ಕೆ ಅತೀವ ವಿಷಾದದೊಂದಿಗೆ ತಿಳಿಯಪಡಿಸುವುದೇನೆಂದರೆ, ಕೈ ತೊಳೆಯುವ ಜಾಗದಲ್ಲಿದ್ದ ಹಸಿರು ಸೋಪು ಸೋಮವಾರದಿಂದ ಕಾಣೆಯಾಗಿದೆ. ಸುಳಿವು ಕೊಟ್ಟವರ ಹೆಸರನ್ನು ಗುಟ್ಟಾಗಿಡಲಾಗುವುದು.

ಮ್ಯಾನೇಜರರ ಈ ಪ್ರಕಟಣೆ ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು: ನಮ್ಮ ಹನ್ನೆರಡೂ ಹೈಡ್ರೋಜನ್ ಬಸ್ಸುಗಳ ಟ್ಯಾಂಕಿನ ವಾಲ್ವ್ ದೋಷಪೂರಿತವೆಂದು ಕಂಪನಿ ವಾಪಸ್ ಕೇಳಿದೆ. ಬಿಚ್ಚಿ ಕಳಿಸಿದರೆ ಹೊಸದು ಬರುತ್ತದೆ.

ಸೋಪು ಕದ್ದವನು ಮೆಕ್ಯಾನಿಕ್ ಮೂಗಣ್ಣ. ಹಾಲನ್ನು ಮೂಸಿ ಕುಡಿಯುವ, ನೆಂಟರನ್ನೂ ಮೂಸಿಯೇ ಒಳಗೆ ಬಿಡುವ ಆಸಾಮಿಗೆ ಡಿಪೋದವರು ಇಟ್ಟ ಹೆಸರು ಅದು. ಆದರೆ ಹೈಡ್ರೋಜನ್‌ಗೆ ವಾಸನೆಯೇ ಇಲ್ಲ. ಮೂಗಿಗೆ ಕೆಲಸವಿಲ್ಲದ ಮೇಲೆ ಸೋರಿಕೆ ಹಿಡಿಯಲು ಸೋಪಿನ ನೊರೆಯೇ ಗತಿ. ಏಳನೇ ನಂಬರ್ ಬಸ್ಸಿನ ವಾಲ್ವ್‌ಗೆ ನೊರೆ ಬಳಿದಾಗ ಗುಳ್ಳೆಯೊಂದು ಎದ್ದು, ಮೀನಿನ ಕಣ್ಣಿನ ಹಾಗೆ ಅವನನ್ನೇ ನೋಡಿತು. ಆ ಬಸ್ಸು ಓಡಿಸುವವಳು ಅವನ ಒಡಹುಟ್ಟಿದ ತಂಗಿ.

"ಹೊಸ ವಾಲ್ವ್ ಬರುತ್ತಲ್ಲ, ಇನ್ನೇನಣ್ಣಾ ನಿನ್ ಗೋಳು?" ಅಂದಳು ತಂಗಿ.

"ಹೊಸದಂತೆ! ಇದನ್ನೇ ಒರೆಸಿ ಹೊಸ ಡಬ್ಬಿಗೆ ಹಾಕಿ ಕಳಿಸ್ತಾರೆ ಕಣೇ. ಹೋದ್ಸಲ ಬಂದ ಹೊಸಾ ವೈಪರ್‌ಗೆ ಸತ್ತ ನೊಣ ಅಂಟ್ಕೊಂಡಿತ್ತು, ಮರ್ತ್ಯಾ?"

"ದಾರೀಲಿ ಹತ್ತಿರ್ಬಹುದು."

"ಹೂಂ, ಟಿಕೆಟ್ ತಗೊಂಡಿತ್ತಾ? ನಿನ್ ನೇಲ್ ಪಾಲಿಶ್ ಕೊಡಿಲ್ಲಿ."

"ಯಾಕೆ, ನಿಂಗಾ? ಕೆಂಪು ಒಪ್ಪಲ್ಲ ಅಣ್ಣಾ."

"ಬಾಯ್ಮುಚ್ಕೊಂಡು ಕೊಡೇ!"

ಒಂದೊಂದು ವಾಲ್ವ್‌ನ ಹೊಟ್ಟೆಯಡಿಗೂ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಇಟ್ಟ. ಬೇರೆ ಯಾರಿಗೂ ಉಸಿರು ಬಿಡಲಿಲ್ಲ. ಪೆಟ್ಟಿಗೆಗೆ ಮ್ಯಾನೇಜರೇ ಮೊಳೆ ಹೊಡೆದರು, ಅಲ್ಲಿಗೆ ಮ್ಯಾನೇಜರ್ ಮೇಲೆ ಅನುಮಾನ. ಒಯ್ಯಲು ಬಂದ ಲಾರಿಯವನು ಶಿಳ್ಳೆ ಹಾಕುತ್ತಿದ್ದ, ಅವನ ಮೇಲೂ ಅನುಮಾನ.

ಒಂಬತ್ತನೇ ದಿನ ಪಳಪಳ ಹೊಳೆಯುವ ಹನ್ನೆರಡು ಡಬ್ಬಿ ಬಂದವು. ಮೂಗಣ್ಣ ಡಿಪೋವನ್ನೆಲ್ಲ ಗುಡ್ಡೆ ಹಾಕಿಕೊಂಡು ಮೊದಲ ಡಬ್ಬಿ ಸೀಳಿದ. ವಾಲ್ವ್ ಮಗುಚಿದ. ಕೆಂಪು ಚುಕ್ಕೆ! ಎರಡನೆಯದಕ್ಕೂ ಚುಕ್ಕೆ. ಹನ್ನೆರಡಕ್ಕೂ!

"ಸಿಕ್ಬಿದ್ರು ಕಳ್ರು! ಪೇಪರ್‌ನೋರಿಗೆ ಫೋನ್ ಮಾಡ್ರೋ! ನೋಡಿ ಸಾರ್, ನಾನೇ ಇಟ್ಟ ಚುಕ್ಕೆ ಇದು, ನಮ್ಮ ವಾಲ್ವೇ!"

ಮ್ಯಾನೇಜರ್ ಬೆಚ್ಚಲಿಲ್ಲ, ಬೆವರಲಿಲ್ಲ. ಅದೇ ಮೂಗಣ್ಣನಿಗೆ ಸರಿಬರಲಿಲ್ಲ. ಅವರು ಡಬ್ಬಿಯ ತಳದಿಂದ ಮಡಚಿದ ಕಾಗದ ತೆಗೆದು, ಕನ್ನಡಕ ಏರಿಸಿ ಓದಿದರು:

"ವಾಲ್ವ್‌ಗಳ ಮೇಲೆ ಹೊರಗಿನವರು ಹಚ್ಚಿದ ಬಣ್ಣ ಕಂಡುಬಂದಿದೆ. ನಿಯಮ ಒಂಬತ್ತರ ಪ್ರಕಾರ ಬಣ್ಣ ಬಳಿದ ಭಾಗಕ್ಕೆ ಬದಲಿ ಕೊಡಲು ಅವಕಾಶವಿಲ್ಲ. ಇದ್ದಂತೆಯೇ ಹಿಂತಿರುಗಿಸಲಾಗಿದೆ. ಸದರಿ ಹನ್ನೆರಡು ಬಸ್ಸುಗಳನ್ನು ದೋಷಪೂರಿತ ಬಸ್ಸುಗಳ ಪಟ್ಟಿಯಿಂದ ಕೈಬಿಡಲಾಗಿದೆ."

ಮೂಗಣ್ಣ ಕೈಯಲ್ಲಿದ್ದ ವಾಲ್ವನ್ನು ಮತ್ತೆ ಮಗುಚಿ ನೋಡಿದ. "ಅಂದ್ರೆ... ಚುಕ್ಕೆ ಇಡ್ದೇ ಇದ್ದಿದ್ರೆ ಹೊಸದೇ ಕಳಿಸ್ತಿದ್ರಾ ಸಾರ್?"

"ಅದನ್ನೀಗ ಯಾರ್ನ ಕೇಳ್ತೀಯಪ್ಪಾ? ವಾಪಸ್ ಜೋಡ್ಸು. ಪಟ್ಟೀಲಿಲ್ಲ ಅಂದ್ಮೇಲೆ ದೋಷನೂ ಇಲ್ಲ. ಬೆಳಗ್ಗೆ ಆರಕ್ಕೆ ಏಳನೇ ನಂಬರ್ ಹೊರಡ್ಬೇಕು."

ತಂಗಿ ಬಸ್ಸಿನ ಕೀ ತಂದು ಮೇಜಿನ ಮೇಲೆ ಕುಕ್ಕಿದಳು. "ನಾನು ಓಡ್ಸಲ್ಲ ಸಾರ್."

"ಕಾರಣ?"

"ಲೀಕ್ ಇದೆ. ಅಣ್ಣ ಗುಳ್ಳೆ ನೋಡಿದಾನೆ."

ಮ್ಯಾನೇಜರ್ ನಿಯಮದ ಪುಸ್ತಕದ ಪುಟ ಮಗುಚಿದರು. "ಪಟ್ಟೀಲಿರೋ ಬಸ್ಸನ್ನ ಮಾತ್ರ ಡ್ರೈವರ್ ಬೇಡ ಅನ್ಬಹುದಮ್ಮಾ." ಕೀಯನ್ನು ಬೆರಳ ತುದಿಯಿಂದ ಅವಳ ಕಡೆಗೇ ತಳ್ಳಿದರು. ಆಮೇಲೆ ಮೂಗಣ್ಣನತ್ತ ತಿರುಗಿ, ಮೊದಲ ಸಲ ನಕ್ಕರು.

"ಗುಳ್ಳೆ ಅಂದ್ಲಲ್ಲ ನಿನ್ ತಂಗಿ. ಯಾವ ಸೋಪಿಂದು?"